ಆಡುವವರು ಕಟ್ಟುವವರಿಗೆ ಬರೆಯುವ ಬಗೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಕಲೆಯನ್ನು ಸೃಷ್ಟಿಸುವವನ ಕರ್ತವ್ಯವನ್ನು ಕುರಿತು ಲೋಕದಲ್ಲಿ ಎಷ್ಟು ಗ್ರಂಥಗಳು ಹುಟ್ಟಿವೆಯೋ, ಅದನ್ನು ಆಸ್ವಾದಿಸುವವನ ಕರ್ತವ್ಯವನ್ನು ಕುರಿತು ಅಷ್ಟು ಹುಟ್ಟಿಲ್ಲ. ಆದರೂ ನಮ್ಮ ಪ್ರಾಚೀನರು ಈ ಎರಡನೆಯ ವಿಷಯವನ್ನು ಅಲಕ್ಷಿಸಿದವರಲ್ಲ. ಭರತನ ನಾಟ್ಯಶಾಸ್ತ್ರವು ನಟನಿಗೆ ಬೇಕಾದುದನ್ನೆಲ್ಲ ಹೇಳಿದ್ದಲ್ಲದೆ, ರಂಗದ ಮುಂದೆ ಕುಳಿತ ಪ್ರೇಕ್ಷಕನು ಎಂಥವನಾಗಿರಬೇಕು, ಪ್ರಯೋಗದ ಗುಣದೋಷಗಳ ವಿಷಯದಲ್ಲಿ ನಿರ್ಣಯ ಹೇಳತಕ್ಕ ಪ್ರಾಶ್ನಿಕರು ಎಂಥವರಾಗಿರಬೇಕು ಎಂಬುದನ್ನೂ ವಿಚಾರಮಾಡುತ್ತದೆ. ನೋಡುವವನಿಗೂ ಒಂದು ಸಂಸ್ಕಾರ ಬೇಕು, ಅವನ ಮೇಲೂ ಒಂದು ಹೊಣೆಯುಂಟು ಎಂಬ ಈ ಭಾವನೆಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ತಿಳಿದಿದ್ದೇನೆ. ಅದನ್ನು ನಮ್ಮ ಕಾಲದಲ್ಲಿ ಹುಟ್ಟಿ ಬೆಳೆದ ಒಂದು ಕಲೆಗೆ ಅನ್ವಯಿಸಿ ನೋಡಬೇಕೆಂಬುದೇ ಇಂದಿನ ನನ್ನ ಉದ್ದೇಶ.

ಆ ಕಲೆ ವಿಡಿಯೋ ಗೇಮು. ಹಾಗೆಂದೊಡನೆ ಅದು ಮಕ್ಕಳ ಕಾಲಹರಣವೆಂದು ಭಾವಿಸುವ ಹಿರಿಯರು ಈ ಸಭೆಯಲ್ಲಿಯೂ ಕೆಲವರಿರಬಹುದು. ಚಿತ್ರ, ಸಂಗೀತ, ಕಥನ, ವಾಸ್ತು, ಗಣಿತ ಇವೆಲ್ಲವೂ ಒಂದೆಡೆ ಸೇರಿ, ನೋಡುವವನ ಕೈಯ ಚಲನೆಯೊಡನೆ ಬೆರೆತು ರೂಪುಗೊಳ್ಳುವ ಈ ಕೃತಿಗಳಲ್ಲಿ ಹದಿನಾಲ್ಕನ್ನು 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತೆಂಬುದನ್ನು ಅವರ ಗಮನಕ್ಕೆ ತಂದು ಮುಂದುವರಿಯುತ್ತೇನೆ. ನನ್ನ ವಿಚಾರವಿರುವುದು ಗೇಮಿನ ಕಲಾತ್ವದಲ್ಲಿ ಅಲ್ಲ; ಅದನ್ನು ಆಡಿದವರು, ಅದನ್ನು ಕಟ್ಟಿದ ಡೆವಲಪರುಗಳಿಗೆ ಸಾಮಾಜಿಕ ಮಾಧ್ಯಮದಲ್ಲಿ ಏನನ್ನು, ಹೇಗೆ ಬರೆಯಬೇಕೆಂಬುದರಲ್ಲಿ.

ಈ ಪ್ರಶ್ನೆಗೆ ಇಷ್ಟು ಮಹತ್ವ ಬಂದಿರುವುದಕ್ಕೆ ಕಾರಣವು ಆ ಕಲೆಯ ಸ್ವಭಾವದಲ್ಲಿಯೇ ಇದೆ. ಅಚ್ಚಾದ ಕಾದಂಬರಿಯೊಂದರ ದೋಷವನ್ನು ಓದುಗನು ಕಂಡು ಪತ್ರ ಬರೆದರೆ, ಲೇಖಕನು ಅದನ್ನು ಒಪ್ಪಿಕೊಂಡರೂ, ಮುಂದಿನ ಮುದ್ರಣದವರೆಗೆ ಮಾಡುವುದಕ್ಕೇನೂ ಇಲ್ಲ. ಮೊದಲ ತಲೆಮಾರಿನ ಗೇಮುಗಳೂ ಹಾಗೆಯೇ ಕಾರ್ಟ್ರಿಜ್ಜಿನೊಳಗೆ ಮುದ್ರಿತವಾಗಿ ಅಂಗಡಿಗೆ ಬಂದ ಮೇಲೆ ಬದಲಾಗದೆ ಉಳಿಯುತ್ತಿದ್ದವು. ಇಂದಿನ ಗೇಮಾದರೋ ಬಿಡುಗಡೆಯಾದ ಮೇಲೆಯೂ ಕಟ್ಟಲ್ಪಡುತ್ತಲೇ ಇರುತ್ತದೆ. ಕೆಲವೊಮ್ಮೆ ಪೂರ್ಣವಾಗುವ ಮುಂಚೆಯೇ ಆಟಗಾರರ ಕೈಗೆ ಬರುತ್ತದೆ. ‘ಹೇಡೀಸ್’ ಎಂಬ ಗೇಮನ್ನು ಅದರ ನಿರ್ಮಾತೃಗಳು 2018ರ ಡಿಸೆಂಬರಿನಲ್ಲಿ ಅಪೂರ್ಣಾವಸ್ಥೆಯಲ್ಲಿಯೇ ಜನರಿಗೆ ಕೊಟ್ಟು, ಅವರು ಹೇಳಿದುದನ್ನು ಕೇಳುತ್ತ ತಿದ್ದುತ್ತ, 2020ರ ಸೆಪ್ಟೆಂಬರಿನಲ್ಲಿ ಪೂರ್ಣಗೊಳಿಸಿದರು. ‘ಬಾಲ್ಡರ್ಸ್ ಗೇಟ್ 3’ ಇದೇ ರೀತಿಯಲ್ಲಿ 2020ರ ಅಕ್ಟೋಬರಿನಿಂದ 2023ರ ಆಗಸ್ಟಿನವರೆಗೆ ಬೆಳೆಯಿತು. ರಸಿಕನ ಮಾತು ಕೃತಿಯ ಒಳಕ್ಕೆ ಹೋಗಿ ಅದರ ಅಂಗವಾಗಬಲ್ಲ ಇಂತಹ ಅವಕಾಶವು ಕಲೆಯ ಇತಿಹಾಸದಲ್ಲಿ ಬಹುಮಟ್ಟಿಗೆ ಅಪೂರ್ವವಾದುದು.

ಯಕ್ಷಗಾನದ ಊರುಗಳಲ್ಲಿ ಬೆಳೆದವರಿಗೆ ಇದರ ಒಂದು ಛಾಯೆ ಪರಿಚಿತವಾಗಿಯೇ ಇದೆ. ಬೆಳಗಿನ ಜಾವ ಆಟ ಮುಗಿದ ಮೇಲೆ ಚೌಕಿಗೆ, ಎಂದರೆ ವೇಷಧಾರಿಗಳ ಬಣ್ಣದ ಮನೆಗೆ, ಹೋಗಿ, ಇಂತಹ ಪದವನ್ನು ಇನ್ನೊಂದು ಕಾಲದಲ್ಲಿ ಎತ್ತಬಹುದಿತ್ತು ಎಂದು ಭಾಗವತರೊಡನೆ ವಿನಯದಿಂದ ಹೇಳುವ ಪ್ರೇಕ್ಷಕನಿಗೆ, ಮುಂದಿನ ಆಟದಲ್ಲಿ ತನ್ನ ಮಾತಿನ ಫಲವು ಕೇಳಿಬರುವುದುಂಟು. ಆದರೆ ಚೌಕಿಗೆ ಹೋದವನು, ರಾತ್ರಿಯೆಲ್ಲ ಕುಣಿದು ದಣಿದು ಮುಖದ ಬಣ್ಣ ತೆಗೆಯುತ್ತ ಕುಳಿತಿರುವ ಮನುಷ್ಯನನ್ನು ಕಣ್ಣಾರೆ ಕಾಣುತ್ತಾನೆ; ಕಂಡೊಡನೆ ಅವನ ನಾಲಿಗೆ ತಾನಾಗಿ ಹದಕ್ಕೆ ಬರುತ್ತದೆ. ಫೋನಿನ ಗಾಜಿನ ಮೇಲೆ ಬೆರಳಾಡಿಸುವವನಿಗೆ ಆ ಮುಖವು ಕಾಣುವುದಿಲ್ಲ. ಆಟಗಾರರ ಬರಹವು ಬೈಗುಳಕ್ಕೂ ಬೆದರಿಕೆಗೂ ಇಳಿಯುವ ಕೇಡಿನ ಮೂಲ ಬಹುಪಾಲು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಆ ಕೇಡು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಎರಡು ನಿದರ್ಶನಗಳು. 2013ರ ಜುಲೈನಲ್ಲಿ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 2’ ಎಂಬ ಯುದ್ಧದ ಗೇಮಿಗೆ ಟ್ರೆಯಾರ್ಕ್ ಸ್ಟುಡಿಯೋ ಒಂದು ಪ್ಯಾಚನ್ನು, ಎಂದರೆ ತಿದ್ದುಪಡಿಯನ್ನು, ಹೊರಡಿಸಿತು. ಅದರಲ್ಲಿ ಕೆಲವು ಬಂದೂಕುಗಳ ಬಲವನ್ನು ಸ್ವಲ್ಪ ತಗ್ಗಿಸಲಾಗಿತ್ತು. ಒಂದು ಬಂದೂಕಿನಲ್ಲಿ ಗುಂಡಿಗೂ ಗುಂಡಿಗೂ ನಡುವಣ ಅಂತರವು 0.2 ಸೆಕೆಂಡಿನಷ್ಟು ವ್ಯತ್ಯಾಸವಾಯಿತು, ಇನ್ನೊಂದರ ಆಘಾತವು ಕೆಲವು ಅಂಶಗಳಷ್ಟು ಇಳಿಯಿತು. ಕಣ್ಣೆವೆಯಿಕ್ಕುವಷ್ಟು ಹೊತ್ತಿನ ಈ ಬದಲಾವಣೆಗಾಗಿ, ಆ ಗೇಮಿನ ವಿನ್ಯಾಸದ ಹೊಣೆಹೊತ್ತಿದ್ದ ಡೇವಿಡ್ ವಾಂಡರ್‌ಹಾರ್ ಎಂಬವರಿಗೂ ಅವರ ಕುಟುಂಬದವರಿಗೂ ಟ್ವಿಟ್ಟರಿನಲ್ಲಿ ಕೊಲೆಯ ಬೆದರಿಕೆಗಳು ಬಂದವು. 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ ಹೊರಬಂದಾಗ, ಅದರಲ್ಲಿ ಒಂದು ಪಾತ್ರಕ್ಕೆ ಧ್ವನಿಕೊಟ್ಟ ನಟಿ ಲಾರಾ ಬೈಲಿಯವರಿಗೆ, ಆ ಕಲ್ಪಿತ ಪಾತ್ರವು ಕಥೆಯಲ್ಲಿ ಮಾಡಿದ ಕೃತ್ಯಕ್ಕಾಗಿ, ಅದೇ ಬಗೆಯ ಬೆದರಿಕೆಗಳು ಬಂದವು. ಕಥೆಯನ್ನು ಬರೆದವರು ಅವರಲ್ಲ. ಬರೆದವರೇ ಆಗಿದ್ದರೂ ಅದು ಕ್ಷಮಾರ್ಹವಾಗುತ್ತಿರಲಿಲ್ಲ.

ಇಂತಹ ಕೃತ್ಯಗಳನ್ನು ಮಾಡುವವರು ಕೆಲವರೇ, ಉಳಿದವರು ಸಜ್ಜನರೇ ಎಂದು ಸಮಾಧಾನ ಹೇಳುವುದು ವಾಡಿಕೆ. ಅದು ನಿಜವೂ ಹೌದು. ಆದರೆ ಆ ಕೆಲವರ ಕೃತ್ಯದ ಫಲವನ್ನು ಎಲ್ಲರೂ ಉಣ್ಣಬೇಕಾಗುತ್ತದೆ. 2022ರಲ್ಲಿ ‘ಡೆಸ್ಟಿನಿ 2’ ಗೇಮನ್ನು ನಡೆಸುವ ಬಂಜೀ ಸಂಸ್ಥೆಯವರು, ಮೊದಲಿನ ಹಾಗೆ ತಾವು ಆಟಗಾರರೊಡನೆ ಮುಕ್ತವಾಗಿ ಮಾತನಾಡದಿರುವುದಕ್ಕೆ ಸಹೋದ್ಯೋಗಿಗಳಿಗೆ ಬಂದ ಬೆದರಿಕೆಗಳೇ ಕಾರಣವೆಂದು ಹೇಳಿದರು. ಆಟಗಾರರೊಡನೆ ಸಂಪರ್ಕವಿಟ್ಟುಕೊಳ್ಳುವ ಅದೇ ಸಂಸ್ಥೆಯ ಒಬ್ಬ ಕಮ್ಯುನಿಟಿ ಮ್ಯಾನೇಜರಿಗೆ ಫೋನಿನಲ್ಲಿ ಜನಾಂಗದ್ವೇಷದ ಮಾತುಗಳನ್ನು ಕಳುಹಿಸಿ, ಅವರ ಮನೆಯ ಬಾಗಿಲಿಗೆ ಅವರು ಕೇಳದ ಪಿಜ್ಜಾವನ್ನು ತರಿಸಿ, ‘ನಿನ್ನ ವಿಳಾಸವನ್ನು ನಾನು ಬಲ್ಲೆ’ ಎಂಬ ಭಯವನ್ನು ಹುಟ್ಟಿಸಿದ ವ್ಯಕ್ತಿಗೆ 2023ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯವು 4,80,000 ಡಾಲರಿಗೂ ಮೇಲ್ಪಟ್ಟ ಮೊತ್ತವನ್ನು ತೆರುವಂತೆ ವಿಧಿಸಿತು. ದಂಡನೆ ಆಗಬೇಕಾದುದೇ. ಆದರೆ ನ್ಯಾಯಾಲಯವು ಕೊಡಿಸಲಾರದ ವಸ್ತುವೊಂದುಂಟು: ಬಾಯಿ ಮುಚ್ಚಿಕೊಂಡ ನಿರ್ಮಾತೃವು ಮತ್ತೆ ಬಾಯಿ ತೆರೆಯುವಂತಹ ವಿಶ್ವಾಸ.

ಹಾಗಾದರೆ ಸರಿಯಾದ ಬರಹವೆಂದರೆ ಯಾವುದು? ಮೃದುವಾದ ಮಾತು ಎಂದಷ್ಟೇ ಹೇಳಿದರೆ ಸಾಲದು. ಮೃದುವಾಗಿದ್ದೂ ಏನೊಂದೂ ಪ್ರಯೋಜನವಿಲ್ಲದ ಪತ್ರಗಳು ದಿನಕ್ಕೆ ಸಾವಿರ ಬರುತ್ತವೆ. ಇಲ್ಲಿ ನಾನು ಸ್ವಲ್ಪ ನಿಂತು, ಒಂದು ಸಣ್ಣ ಘಟನೆಯನ್ನು ಅದರ ವಿವರದೊಡನೆ ಹೇಳಬೇಕೆಂದಿದ್ದೇನೆ. ಯಾಕೆಂದರೆ ನಾನು ಹೇಳಬೇಕಾದ ಮುಖ್ಯ ವಿಷಯವು ಅದರಲ್ಲಿಯೇ ಅಡಗಿದೆ.

‘ಡ್ವಾರ್ಫ್ ಫೋರ್ಟ್ರೆಸ್’ ಎಂಬ ಗೇಮನ್ನು ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರಿಬ್ಬರು 2002ರಿಂದ ಕಟ್ಟುತ್ತ ಬಂದಿದ್ದಾರೆ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದವರು ಆರಿಸಿಕೊಂಡ ಹದಿನಾಲ್ಕರಲ್ಲಿ ಅದೂ ಒಂದು. ಕುಬ್ಜರ ಒಂದು ಊರನ್ನೂ ಅದರೊಳಗಿನ ಪ್ರತಿಯೊಂದು ಜೀವಿಯ ದೇಹ, ಹಸಿವು, ನೆನಪುಗಳನ್ನೂ ಲೆಕ್ಕಹಾಕಿ ನಡೆಸುವ ಅತ್ಯಂತ ಸೂಕ್ಷ್ಮವಾದ ಕೃತಿ ಅದು. 2015ರ ಡಿಸೆಂಬರಿನಲ್ಲಿ ಅದಕ್ಕೆ ಮದ್ಯಶಾಲೆಗಳನ್ನು ಸೇರಿಸಲಾಯಿತು. ಅದಾದ ಸ್ವಲ್ಪದರಲ್ಲಿಯೇ ಆಟಗಾರರಿಂದ ಒಂದು ವಿಚಿತ್ರವಾದ ದೂರು ಬಂತು: ಮದ್ಯಶಾಲೆಯಲ್ಲಿ ಬೆಕ್ಕುಗಳು ಕಾರಣವಿಲ್ಲದೆ ಸಾಯುತ್ತಿವೆ, ಅವುಗಳ ಸುತ್ತ ವಾಂತಿ ಬಿದ್ದಿರುತ್ತದೆ. ಟಾರ್ನ್ ಆಡಮ್ಸ್ ಹುಡುಕಿ ನೋಡಿದಾಗ ತಿಳಿದುಬಂದುದೇನೆಂದರೆ, ಕುಬ್ಜರು ಕುಡಿಯುವಾಗ ನೆಲದ ಮೇಲೆ ಚೆಲ್ಲಿದ ಮದ್ಯವು ಅಲ್ಲಿ ಓಡಾಡುವ ಬೆಕ್ಕುಗಳ ಪಾದಕ್ಕೆ ಅಂಟಿಕೊಳ್ಳುತ್ತಿತ್ತು. ಬೆಕ್ಕು ತನ್ನ ಸ್ವಭಾವದಂತೆ ಪಾದವನ್ನು ನೆಕ್ಕಿ ಶುಚಿಮಾಡಿಕೊಳ್ಳುತ್ತಿತ್ತು. ನೆಕ್ಕಿದ ಆ ತೊಟ್ಟನ್ನು ಪ್ರೋಗ್ರಾಮು ತಪ್ಪಾಗಿ ಒಂದು ಪೂರ್ಣ ಪಾತ್ರೆಯ ಮದ್ಯವೆಂದು ಗಣಿಸುತ್ತಿತ್ತು. ಅಷ್ಟು ಚಿಕ್ಕ ದೇಹಕ್ಕೆ ಅಷ್ಟೊಂದು ಮದ್ಯವು ಸೇರಿ ಬೆಕ್ಕು ಸಾಯುತ್ತಿತ್ತು. ಮೂರು ಬೇರೆ ಬೇರೆ ವ್ಯವಸ್ಥೆಗಳು, ಒಂದೊಂದೂ ತನ್ನಷ್ಟಕ್ಕೆ ಬಹುಮಟ್ಟಿಗೆ ಸರಿಯಾಗಿದ್ದು, ಸಂಧಿಸಿದ ಒಂದು ಬಿಂದುವಿನಲ್ಲಿ ದೋಷವು ಹುಟ್ಟಿತ್ತು.

ದೂರು ಕೊಟ್ಟವನು ಇದಾವುದನ್ನೂ ಊಹಿಸಲಾರನು, ಊಹಿಸಬೇಕಾಗಿಯೂ ಇರಲಿಲ್ಲ. ಅವನು ಬೆಕ್ಕು, ಸಾವು, ಮದ್ಯಶಾಲೆ, ವಾಂತಿ ಎಂಬ ನಾಲ್ಕು ಸಂಗತಿಗಳನ್ನು ಕಂಡಂತೆ ಹೇಳಿದನು. ಉಳಿದ ಕೆಲಸವೆಲ್ಲ ಅದರಿಂದ ಸಾಧ್ಯವಾಯಿತು. ಅದಕ್ಕೆ ಬದಲಾಗಿ ಅವನು ‘ಈ ಗೇಮಿನಲ್ಲಿ ಪ್ರಾಣಿಗಳ ಆಯುಸ್ಸು ಬಹಳ ಕಡಿಮೆ, ಹೆಚ್ಚಿಸಿರಿ’ ಎಂದು ಬರೆದಿದ್ದರೆ, ಆ ಸಲಹೆಯಂತೆ ನಡೆದ ನಿರ್ಮಾತೃವು ದೋಷವನ್ನು ಹಾಗೆಯೇ ಬಿಟ್ಟು ಇನ್ನೊಂದು ದೋಷವನ್ನು ಸೃಷ್ಟಿಸುತ್ತಿದ್ದನು. ನಮ್ಮ ನೈಯಾಯಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆ ಪ್ರಮಾಣಗಳೆಂದು ವಿಂಗಡಿಸಿದ್ದಾರಷ್ಟೆ. ತನಗೆ ಏನು ಕಂಡಿತು, ಆಡುವಾಗ ತನಗೆ ಏನೆನ್ನಿಸಿತು, ಎಲ್ಲಿ ಬೇಸರವಾಯಿತು, ಎಲ್ಲಿ ದಾರಿ ತಪ್ಪಿತು ಎಂಬ ಪ್ರತ್ಯಕ್ಷದ ವಿಷಯದಲ್ಲಿ ಆಟಗಾರನ ಮಾತಿಗೆ ಮಿಗಿಲಾದ ಪ್ರಮಾಣವಿಲ್ಲ. ಗೇಮನ್ನು ಹತ್ತು ವರ್ಷ ಕಟ್ಟಿದವನಿಗೂ ಅದನ್ನು ಮೊದಲ ಸಲ ಆಡುವ ಕಣ್ಣು ಮರಳಿ ಬರುವುದಿಲ್ಲವಾದ್ದರಿಂದ, ಆ ಸಾಕ್ಷ್ಯವನ್ನು ಹೊರಗಿನವರಿಂದಲೇ ಅವನು ಪಡೆಯಬೇಕು. ಆದರೆ ಕಾರಣ ಯಾವುದು, ಪರಿಹಾರ ಯಾವುದು ಎಂಬುದು ಅನುಮಾನದ ಕ್ಷೇತ್ರ. ಅಲ್ಲಿ ಆಟಗಾರನು ತನ್ನ ಊಹೆಯನ್ನು ಊಹೆಯೆಂದೇ ಹೇಳಿ ಮುಂದಿಟ್ಟರೆ ತಪ್ಪಿಲ್ಲ. ಆಜ್ಞೆಯಂತೆ ಹೇಳಿದಾಗ ಅವನ ಸಾಕ್ಷ್ಯದ ಬೆಲೆಯೂ ಅದರೊಡನೆ ಕುಗ್ಗುತ್ತದೆ.

ಅನುಮಾನಕ್ಕೆ ಹೇತುವನ್ನು ಒದಗಿಸಬಲ್ಲವನ ಮಾತು ಬೇರೆ. ‘ಜಿಟಿಎ ಆನ್‌ಲೈನ್’ ಗೇಮು 2013ರ ಅಕ್ಟೋಬರಿನಲ್ಲಿ ಬಂದಂದಿನಿಂದ, ಅದನ್ನು ತೆರೆಯುವುದಕ್ಕೆ ಹಲವರ ಯಂತ್ರಗಳಲ್ಲಿ ಐದಾರು ನಿಮಿಷ ಹಿಡಿಯುತ್ತಿತ್ತೆಂಬ ದೂರು ವರ್ಷಗಟ್ಟಲೆ ಕೇಳಿಬರುತ್ತಿತ್ತು, ಬೈಗುಳಕ್ಕೂ ಕೊರತೆಯಿರಲಿಲ್ಲ. 2021ರ ಫೆಬ್ರವರಿಯ ಕೊನೆಯಲ್ಲಿ ಒಬ್ಬ ಆಟಗಾರನು, ಗೇಮಿನ ಪ್ರೋಗ್ರಾಮನ್ನು ಹೊರಗಿನಿಂದಲೇ ಬಿಡಿಸಿ ನೋಡಿ, ಆ ನಿಮಿಷಗಳಲ್ಲಿ ಅದು ಏನುಮಾಡುತ್ತಿದೆಯೆಂಬುದನ್ನು ಕಂಡುಹಿಡಿದು ಬಹಿರಂಗವಾಗಿ ಪ್ರಕಟಿಸಿದನು. ಗೇಮಿನೊಳಗೆ ಕೊಳ್ಳಬಹುದಾದ ಸುಮಾರು 63,000 ವಸ್ತುಗಳ ಪಟ್ಟಿಯೊಂದು 10 ಮೆಗಾಬೈಟಿನ ಪಠ್ಯವಾಗಿ ಇತ್ತು. ಅದನ್ನು ಓದುವ ಭಾಗವು ಒಂದೊಂದು ಪದವನ್ನು ಓದಿದಾಗಲೂ ಪಠ್ಯವು ಇನ್ನೆಷ್ಟು ಉಳಿದಿದೆಯೆಂದು ಕೊನೆಯವರೆಗೆ ಹೋಗಿ ಎಣಿಸಿ ಬರುತ್ತಿತ್ತು. ಓದಿದ ವಸ್ತುವನ್ನು ಪಟ್ಟಿಗೆ ಸೇರಿಸುವ ಮುನ್ನ ಆಗಲೇ ಸೇರಿಸಿದ ಎಲ್ಲವುಗಳೊಡನೆ ಒಂದೊಂದಾಗಿ ಹೋಲಿಸುತ್ತಿತ್ತು. ಹೀಗೆ ನಡೆಯುತ್ತಿದ್ದ ಹೋಲಿಕೆಗಳ ಸಂಖ್ಯೆ ಸುಮಾರು 198 ಕೋಟಿ. ಆತನು ತನ್ನ ಯಂತ್ರದಲ್ಲಿ ಈ ಎರಡನ್ನೂ ತಿದ್ದಿ ತೋರಿಸಿದಾಗ ಆರು ನಿಮಿಷದ ಕಾಯುವಿಕೆ ಎರಡು ನಿಮಿಷಕ್ಕೂ ಕಡಿಮೆಯಾಯಿತು. ರಾಕ್‌ಸ್ಟಾರ್ ಸಂಸ್ಥೆಯು ಅದನ್ನು ಪರೀಕ್ಷಿಸಿ ಸರಿಯೆಂದು ಒಪ್ಪಿ, ಮಾರ್ಚ್ ಮಧ್ಯದಲ್ಲಿಯೇ ತಿದ್ದುಪಡಿಯನ್ನು ಹೊರಡಿಸಿ, ಆತನಿಗೆ 10,000 ಡಾಲರುಗಳ ಬಹುಮಾನವನ್ನು ಕೊಟ್ಟಿತು. ಏಳು ವರ್ಷಗಳ ಆಕ್ರೋಶದಿಂದ ಆಗದ ಕೆಲಸವು ಎರಡು ವಾರಗಳಲ್ಲಿ ಆದುದು ಈ ಬರಹದ ನಿಖರತೆಯಿಂದ. ಪ್ರೋಗ್ರಾಮು ಬರೆಯಲು ಬಾರದ ಆಟಗಾರನಿಗೆ ಇಂತಹ ಕೆಲಸವು ಸಾಧ್ಯವಿಲ್ಲದಿರಬಹುದು; ಆದರೆ ಯಾವ ಯಂತ್ರ, ಗೇಮಿನ ಯಾವ ಆವೃತ್ತಿ, ಯಾವ ಸ್ಥಳದಲ್ಲಿ ಏನುಮಾಡುತ್ತಿದ್ದಾಗ ಏನಾಯಿತು, ಮತ್ತೆ ಹಾಗೆಯೇ ಮಾಡಿದರೆ ಮತ್ತೆ ಆಗುತ್ತದೆಯೇ ಎಂಬುದನ್ನು ಒಂದು ಸ್ಕ್ರೀನ್‌ಶಾಟಿನೊಡನೆ ತಿಳಿಸುವುದು ಯಾರಿಂದಲೂ ಆಗತಕ್ಕದ್ದು.

ಬಗ್ಗುಗಳ, ಎಂದರೆ ಪ್ರೋಗ್ರಾಮಿನ ದೋಷಗಳ, ವಿಷಯ ಹೀಗಾಯಿತು. ಇದಕ್ಕಿಂತ ತೊಡಕಾದುದು ಅಭಿರುಚಿಯ ವಿಷಯ, ಕಥೆಯ ವಿಷಯ, ರಸಭಂಗದ ವಿಷಯ. ಕೆನಡಾದ ಎಡ್ಮಂಟನ್ನಿನ ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್ 3’ 2012ರ ಮಾರ್ಚಿನಲ್ಲಿ ಹೊರಬಂತು. ಮೂರು ಗೇಮುಗಳ ಉದ್ದಕ್ಕೂ ಆಟಗಾರನು ಮಾಡಿದ ಆಯ್ಕೆಗಳನ್ನು ನೆನಪಿಟ್ಟುಕೊಂಡು ಬಂದ ಆ ಮಹಾಕಥೆಯು ಕೊನೆಯಲ್ಲಿ ಕೆಂಪು, ಹಸುರು, ನೀಲಿ ಎಂಬ ಮೂರು ಬಣ್ಣಗಳ ಆಯ್ಕೆಗೆ ಇಳಿದು, ಮೂರರ ದೃಶ್ಯಗಳೂ ಹೆಚ್ಚುಕಡಿಮೆ ಒಂದೇ ಆಗಿ ಮುಗಿದುಹೋದುದರಿಂದ, ಅದನ್ನು ಪ್ರೀತಿಸಿದವರು ತೀವ್ರವಾಗಿ ನೊಂದರು. ಅವರ ನೋವು ಹಲವು ರೂಪಗಳನ್ನು ತಾಳಿತು. ಒಬ್ಬನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ ದೂರುಕೊಟ್ಟನು. ಕೆಲವರು ಸೇರಿ, ಆಸ್ಪತ್ರೆಗಳಲ್ಲಿರುವ ಮಕ್ಕಳಿಗೆ ಆಟಿಕೆಗಳನ್ನು ಒದಗಿಸುವ ಚೈಲ್ಡ್ಸ್ ಪ್ಲೇ ಎಂಬ ಧರ್ಮಸಂಸ್ಥೆಗೆ ತಮ್ಮ ಪ್ರತಿಭಟನೆಯ ಹೆಸರಿನಲ್ಲಿ 80,000 ಡಾಲರಿಗೂ ಹೆಚ್ಚು ಹಣವನ್ನು ಕೂಡಿಸಿಕೊಟ್ಟರು. ಆದರೆ ಹಣ ಕೊಟ್ಟವರಲ್ಲಿ ಕೆಲವರು ಇದರಿಂದ ಹೊಸ ಮುಕ್ತಾಯವು ಸಿಕ್ಕುವುದೆಂದು ತಿಳಿದುಬಿಟ್ಟಿದ್ದುದರಿಂದ ಆ ಸಂಗ್ರಹವನ್ನು ನಿಲ್ಲಿಸಬೇಕಾಯಿತು. ಇನ್ನು ಕೆಲವರು ಮೂರು ಬಣ್ಣಗಳಲ್ಲಿ ಸುಮಾರು 400 ಕಪ್‌ಕೇಕುಗಳನ್ನು ಮಾಡಿಸಿ ಸಂಸ್ಥೆಗೆ ಕಳುಹಿಸಿದರು. ಬಣ್ಣ ಮೂರಾದರೂ ಎಲ್ಲದರ ರುಚಿಯೂ ಒಂದೇ. ಸಂಸ್ಥೆಯವರು ಅವನ್ನು ನಿರ್ಗತಿಕ ಯುವಕರ ಆಶ್ರಯತಾಣಕ್ಕೆ ಕೊಟ್ಟರು. ಕಲಾವಿಮರ್ಶೆಯು ಇಷ್ಟು ಸ್ಪಷ್ಟವಾಗಿಯೂ ಇಷ್ಟು ನಿರಪಾಯವಾಗಿಯೂ ಹೇಳಲ್ಪಟ್ಟ ನಿದರ್ಶನಗಳು ಹೆಚ್ಚಿಲ್ಲ. ಅದನ್ನು ಯೋಚಿಸಿದವರನ್ನು ನಾನು ಮನಸಾರೆ ಗೌರವಿಸುತ್ತೇನೆ.

ಜೂನ್ ತಿಂಗಳಲ್ಲಿ ಬಯೋವೇರ್ ಒಂದು ವಿಸ್ತೃತ ಮುಕ್ತಾಯವನ್ನು ಬೆಲೆಯಿಲ್ಲದೆ ಕೊಟ್ಟಿತು. ಅದು ಏನನ್ನು ಬದಲಿಸಿತು, ಏನನ್ನು ಬದಲಿಸಲಿಲ್ಲ ಎಂಬುದನ್ನು ನೋಡಿದರೆ ನಾನು ಹಿಂದೆ ಹೇಳಿದ ವಿಚಾರಕ್ಕೆ ಬಲವು ಸಿಕ್ಕುತ್ತದೆ. ಮೂಲದ ಮೂರು ಆಯ್ಕೆಗಳು ಹಾಗೆಯೇ ಉಳಿದವು; ‘ನಮಗೆ ಬೇರೆ ಮುಕ್ತಾಯ ಬರೆದುಕೊಡಿ’ ಎಂಬ ಆಗ್ರಹಕ್ಕೆ ಸಂಸ್ಥೆಯು ಮಣಿಯಲಿಲ್ಲ. ಆದರೆ ‘ಕೊನೆಯ ಯುದ್ಧದಲ್ಲಿ ನನ್ನೊಡನೆ ಓಡುತ್ತಿದ್ದ ಸಂಗಾತಿಗಳು ಹಡಗಿಗೆ ಹೇಗೆ ಹೋದರು? ಆಮೇಲೆ ಅವರೇನಾದರು? ನಾನು ಉಳಿಸಿದ ಲೋಕಗಳು ಏನಾದವು?’ ಎಂದು ತಮ್ಮ ಅನುಭವದ ತೊಡಕನ್ನು ಹೇಳಿಕೊಂಡವರ ಪ್ರಶ್ನೆಗಳಿಗೆ ಹೊಸ ದೃಶ್ಯಗಳ ಮೂಲಕ ಉತ್ತರ ಕೊಟ್ಟಿತು. ಎಲ್ಲರಿಗೂ ಅದರಿಂದ ತೃಪ್ತಿಯಾಯಿತೆಂದು ಹೇಳಲಾರೆ. ಕೃತಿಕಾರನು ತನ್ನ ಕೃತಿಯ ಅಭಿಪ್ರಾಯವನ್ನು ಬಿಟ್ಟುಕೊಡದೆ ರಸಿಕನ ಸಾಕ್ಷ್ಯಕ್ಕೆ ಮನ್ನಣೆ ಕೊಟ್ಟ ಬಗೆಯು ಮಾತ್ರ ನನಗೆ ಉಚಿತವೆಂದು ತೋರುತ್ತದೆ.

ಅನುಭವದ ಸಾಕ್ಷ್ಯವು ಎಂತಹ ಶಕ್ತಿಯುಳ್ಳದ್ದೆಂಬುದು ಅಂಗವೈಕಲ್ಯವುಳ್ಳ ಆಟಗಾರರ ವಿಷಯದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ನಾಟಿ ಡಾಗ್ ಸಂಸ್ಥೆಯ ‘ಅನ್‌ಚಾರ್ಟೆಡ್ 2’ ಗೇಮಿನಲ್ಲಿ ಒಂದು ಗುಂಡಿಯನ್ನು ಅತಿವೇಗದಿಂದ ಮತ್ತೆ ಮತ್ತೆ ಒತ್ತಿದರೆ ಮಾತ್ರ ಮುಂದೆ ಹೋಗಬಹುದಾದ ಪ್ರಸಂಗವಿತ್ತು. ಕೈಗಳ ಚಲನೆಗೆ ತೊಂದರೆಯಿದ್ದ ಆಟಗಾರರೊಬ್ಬರು, ಗಂಟೆಗಟ್ಟಲೆ ಆಡಿಕೊಂಡು ಬಂದವರು, ಅಲ್ಲಿ ನಿಂತುಹೋಗಿ ಇನ್ನೊಬ್ಬರ ಕೈಯಿಂದ ಗುಂಡಿ ಒತ್ತಿಸಬೇಕಾಯಿತು. ಅವರು ಇದನ್ನು ಸಂಸ್ಥೆಯವರಿಗೆ ತಿಳಿಸಿದರು. ಸಂಸ್ಥೆಯವರು ಅವರನ್ನು ಕರೆದು ಕೇಳಿದರು. 2016ರಲ್ಲಿ ಬಂದ ‘ಅನ್‌ಚಾರ್ಟೆಡ್ 4’ರಲ್ಲಿ ಗುಂಡಿಯನ್ನು ಪದೇ ಪದೇ ಒತ್ತುವುದರ ಬದಲು ಒತ್ತಿ ಹಿಡಿದರೆ ಸಾಕೆಂಬ ವ್ಯವಸ್ಥೆ ಬಂತು. ಅದೇ ಸಂಸ್ಥೆ 2020ರಲ್ಲಿ ಹೊರತಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರಲ್ಲಿ ಕಣ್ಣು, ಕಿವಿ, ಕೈಗಳ ತೊಂದರೆಯುಳ್ಳವರಿಗಾಗಿ 60ಕ್ಕೂ ಹೆಚ್ಚು ಅನುಕೂಲಗಳಿದ್ದವು. ಒಬ್ಬ ಮನುಷ್ಯನು ‘ಇಲ್ಲಿ ನನ್ನ ಕೈ ಸೋತಿತು’ ಎಂದು ಹೇಳಿದ ಮಾತಿನಿಂದ ಎಷ್ಟು ಮಂದಿಗೆ ದಾರಿ ತೆರೆಯಿತೆಂಬುದನ್ನು ನೆನೆದರೆ ಮನಸ್ಸು ತುಂಬಿಬರುತ್ತದೆ.

ಇನ್ನು ಪತ್ರವು ಯಾರಿಗೆ ಹೋಗಬೇಕೆಂಬುದು. ಗೇಮು ಒಬ್ಬರ ಕೃತಿಯಲ್ಲ. ದೊಡ್ಡ ಸ್ಟುಡಿಯೋಗಳಲ್ಲಿ ನೂರಾರು ಜನರು ಬೇರೆ ಬೇರೆ ತುಣುಕುಗಳನ್ನು ಕಟ್ಟುತ್ತಾರೆ. ಗೇಮಿನ ಕೊನೆಯಲ್ಲಿ ಬರುವ ನಿರ್ಮಾತೃಗಳ ಪಟ್ಟಿಯಲ್ಲಿ ಕಂಡ ಹೆಣ್ಣೊಬ್ಬಳ ಹೆಸರನ್ನು ಹುಡುಕಿ, ಆಕೆ ತನ್ನ ಮಗುವಿನ ಹುಟ್ಟುಹಬ್ಬದ ಚಿತ್ರ ಹಾಕಿದ ಕೆಳಗೆ ಗೇಮಿನ ದೂರನ್ನು ಬರೆಯುವುದು ಸಭ್ಯತೆಯೂ ಅಲ್ಲ, ಫಲದಾಯಕವೂ ಅಲ್ಲ. ಆ ತುಣುಕನ್ನು ಆಕೆ ಕಟ್ಟಿರದೆಯೂ ಇರಬಹುದು. ಸಂಸ್ಥೆಯ ಅಧಿಕೃತ ಖಾತೆ, ಅದು ನಡೆಸುವ ಡಿಸ್ಕಾರ್ಡ್ ಚರ್ಚಾಕೂಟ, ಬಗ್ ತಿಳಿಸುವುದಕ್ಕೆಂದೇ ತೆರೆದಿಟ್ಟ ಸ್ಥಳ ಇವುಗಳಿಗೆ ಬರೆದುದು, ಅದನ್ನು ವಿಂಗಡಿಸಿ ತಕ್ಕವರ ಮೇಜಿಗೆ ತಲುಪಿಸುವ ಕಮ್ಯುನಿಟಿ ಮ್ಯಾನೇಜರಿನ ಕೈಗೆ ಹೋಗುತ್ತದೆ. ಆ ಮ್ಯಾನೇಜರು ತೀರ್ಮಾನಗಳನ್ನು ಮಾಡುವವರಲ್ಲ, ಸುದ್ದಿ ಒಯ್ಯುವವರು. ನಮ್ಮ ಹಳೆಯ ರಾಜನೀತಿಯು ದೂತನನ್ನು ಅವಧ್ಯನೆಂದು ಹೇಳಿದ ನ್ಯಾಯವು ಇವರಿಗೂ ಸಲ್ಲಬೇಕು. ಒಂದು ವಿಷಯಕ್ಕೆ ಒಂದು ಬರಹ ಸಾಕು. ಉತ್ತರ ಬರಲಿಲ್ಲವೆಂದು ಅದನ್ನೇ ಇಪ್ಪತ್ತು ಸಲ ಅಂಟಿಸಿದರೆ ವಿಂಗಡಿಸುವವರ ಶ್ರಮವು ಹೆಚ್ಚುವುದೇ ಹೊರತು ಕೆಲಸ ಬೇಗವಾಗುವುದಿಲ್ಲ. ತಿದ್ದಿದ ಗೇಮು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೋ ಯಂತ್ರಗಳಿಗೆ ಬರುವ ಮುನ್ನ ಆಯಾ ಯಂತ್ರದ ಸಂಸ್ಥೆಯ ಪರಿಶೀಲನೆಯನ್ನು ದಾಟಬೇಕಾಗುವುದರಿಂದ, ಸ್ಟುಡಿಯೋದಲ್ಲಿ ಇಂದು ಮುಗಿದ ಕೆಲಸವು ಆಟಗಾರನ ಮನೆಗೆ ಇಂದೇ ಬರುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಹೊಸ ಗೇಮಿಗೆ ಕಥೆಯೋ ಕಲ್ಪನೆಯೋ ಹೊಳೆದರೆ ಅದನ್ನು ಕಳುಹಿಸದಿರುವುದು ಲೇಸು. ಕೇಳದೆ ಬಂದ ಕಲ್ಪನೆಗಳನ್ನು ಓದಿದರೆ ಮುಂದೆ ಅದು ಯಾರ ಸ್ವತ್ತೆಂಬ ವ್ಯಾಜ್ಯ ಹುಟ್ಟೀತೆಂದು ಅನೇಕ ಸಂಸ್ಥೆಗಳು ಅವನ್ನು ತೆರೆದು ನೋಡುವುದೇ ಇಲ್ಲ.

ಮೆಚ್ಚಿಕೆಯನ್ನು ಬರೆಯಲು ಜನ ಯಾಕೋ ಹಿಂಜರಿಯುತ್ತಾರೆ. ಇಂಗ್ಲೆಂಡಿನ ಗಿಲ್ಡ್‌ಫರ್ಡಿನ ಹಲೋ ಗೇಮ್ಸ್ ಎಂಬ ಪುಟ್ಟ ಸಂಸ್ಥೆಯು 2016ರಲ್ಲಿ ‘ನೋ ಮ್ಯಾನ್ಸ್ ಸ್ಕೈ’ ಗೇಮನ್ನು ಜೂನಿನಿಂದ ಆಗಸ್ಟಿಗೆ ಮುಂದೂಡಿದಾಗ ಅದರ ಮುಖ್ಯಸ್ಥ ಶಾನ್ ಮರ್ರಿಯವರಿಗೆ ಕೊಲೆಬೆದರಿಕೆಗಳು ಬಂದವು. ಗೇಮು ಹೊರಬಂದಾಗ, ನಿರೀಕ್ಷಿಸಿದ ಹಲವು ಅಂಶಗಳು ಅದರಲ್ಲಿಲ್ಲವೆಂಬ ನ್ಯಾಯವಾದ ದೂರೂ ಬಂತು. ಸಂಸ್ಥೆಯವರು ಮಾತು ನಿಲ್ಲಿಸಿ ಕೆಲಸಕ್ಕೆ ಕುಳಿತರು. ಅದೇ ವರ್ಷದ ನವೆಂಬರಿನಿಂದ ಆರಂಭಿಸಿ ಒಂದರ ಮೇಲೊಂದು ಅಪ್‌ಡೇಟನ್ನು ಬೆಲೆಯಿಲ್ಲದೆ ಕೊಡುತ್ತ, 2018ರಲ್ಲಿ ಆಟಗಾರರು ಒಬ್ಬರೊಡನೊಬ್ಬರು ಕೂಡಿ ಆಡುವಂತೆ ಮಾಡಿದರು. 2019ರಲ್ಲಿ ಅದರ ಅಭಿಮಾನಿಗಳು ತಮ್ಮತಮ್ಮಲ್ಲಿ ಹಣ ಕೂಡಿಸಿ, ಆ ಸಂಸ್ಥೆಯ ಕಚೇರಿಯ ಸಮೀಪದಲ್ಲಿ ಒಂದು ದೊಡ್ಡ ಜಾಹೀರಾತು ಫಲಕವನ್ನು ಬಾಡಿಗೆಗೆ ಹಿಡಿದು, ಅದರ ಮೇಲೆ ಕೃತಜ್ಞತೆಯನ್ನು ಬರೆಸಿದರು. ಅಷ್ಟು ದೊಡ್ಡ ಫಲಕವು ಎಲ್ಲರಿಂದಲೂ ಸಾಧ್ಯವಾಗದು. ಆದರೆ ಇಂತಹ ಪ್ರಸಂಗದ ಸಂಗೀತವು, ಇಂತಹ ಊರಿನ ಬೆಳಕು ನನಗೆ ಹಿಡಿಸಿತೆಂದು ಹೆಸರಿಸಿ ಬರೆದ ಎರಡು ವಾಕ್ಯಗಳು, ಆ ಸಂಗೀತವನ್ನೂ ಬೆಳಕನ್ನೂ ಮುಂದಿನ ತಿದ್ದುಪಡಿಯಲ್ಲಿ ಕಳೆದುಹೋಗದಂತೆ ಕಾಪಾಡುವ ಸಾಕ್ಷ್ಯವೂ ಆಗುತ್ತವೆ. ಯಾವುದನ್ನು ಕೆಡಿಸಬಾರದೆಂಬುದನ್ನು ಹೇಳುವವರಿಲ್ಲದಿದ್ದರೆ ನಿರ್ಮಾತೃವಿಗೆ ಅದು ತಿಳಿಯುವುದಾದರೂ ಹೇಗೆ?

ನಮ್ಮ ನಾಡಿನ ತರುಣರಿಗೆ ಈ ವಿಷಯವು ದೂರದ್ದಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರ್ಯಾಕ್ಟಿವ್ ಭಾರತದ ಆದ್ಯ ಗೇಮ್ ಸ್ಟುಡಿಯೋಗಳಲ್ಲಿ ಒಂದು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಬೆಂಗಳೂರು ಶಾಖೆಯೊಡನೆ ಸೇರಿತು. ಎಲ್ಲಿಯೋ ಕುಳಿತ ಪರಕೀಯನೆಂದು ಭಾವಿಸಿ ಬೈಯಲ್ಪಡುವ ಡೆವಲಪರು ನಮ್ಮ ಜಯನಗರದ ಬಸ್ಸಿನಲ್ಲಿ ಪಕ್ಕದಲ್ಲಿ ನಿಂತವರೇ ಆಗಿರಬಹುದು. ಅಷ್ಟೇ ಅಲ್ಲ, ಕನ್ನಡಿಗನೇ ಕೊಡಬಹುದಾದ, ಇತರರು ಸುಲಭವಾಗಿ ಕೊಡಲಾರದ ಸಾಕ್ಷ್ಯವೊಂದಿದೆ. ಅನೇಕ ಗೇಮುಗಳಲ್ಲಿ ಆಟಗಾರನ ಹೆಸರನ್ನೋ ಸಂದೇಶವನ್ನೋ ಕನ್ನಡದಲ್ಲಿ ಬರೆದರೆ ಖಾಲಿ ಚೌಕಗಳು ಕಾಣುತ್ತವೆ, ಇಲ್ಲವೇ ಅಕ್ಷರಗಳು ಮುರಿದು ಬೀಳುತ್ತವೆ. ಕನ್ನಡದ ಒತ್ತಕ್ಷರಗಳನ್ನು ಕೂಡಿಸಿ ಜೋಡಿಸುವ ಕೆಲಸವನ್ನು ಗೇಮಿನ ಎಂಜಿನ್, ಎಂದರೆ ಗೇಮನ್ನು ನಡೆಸುವ ಮೂಲ ತಂತ್ರಾಂಶವು, ಪ್ರತ್ಯೇಕವಾಗಿ ಮಾಡಬೇಕು. ಕನ್ನಡ ಓದಲು ಬಾರದ ನಿರ್ಮಾತೃವಿಗೆ ಅದು ಮುರಿದಿದೆಯೆಂಬುದೇ ಕಾಣದು. ‘ಕನ್ನಡಕ್ಕೆ ಅವಮಾನ’ ಎಂದು ಕೂಗಿದರೂ ಅವನಿಗೆ ಅದು ಕಾಣದು. ಅವನಿಗೆ ಬರೆಯಬೇಕಾದುದು, ಇಂಗ್ಲಿಷಿನಲ್ಲಿ, ಹೆಚ್ಚುಕಡಿಮೆ ಈ ರೀತಿಯಾಗಿರಬೇಕೆಂದು ನನಗೆ ತೋರುತ್ತದೆ:

‘ನಮಸ್ಕಾರ. ನಿಮ್ಮ ಗೇಮನ್ನು ಆಂಡ್ರಾಯ್ಡ್ ಫೋನಿನಲ್ಲಿ ಆಡುತ್ತಿದ್ದೇನೆ. ಫೋನಿನ ಮಾದರಿಯನ್ನೂ ಗೇಮಿನ ಆವೃತ್ತಿಯನ್ನೂ ಕೆಳಗೆ ಬರೆದಿದ್ದೇನೆ. ಹೆಸರು ಬರೆಯುವ ಜಾಗದಲ್ಲಿ ಲಕ್ಷ್ಮೀ ಎಂದು ಟೈಪ್ ಮಾಡಿದೆ. ಇದರಲ್ಲಿ ಕ, ಷ, ಮ ಎಂಬ ಮೂರು ವ್ಯಂಜನಗಳು ಒಂದೇ ಗುಂಪಾಗಿ ಕೂಡಬೇಕು. ನಿಮ್ಮ ಗೇಮಿನಲ್ಲಿ ಅವು ಒಂದರ ಪಕ್ಕ ಒಂದು ಬಿಡಿಯಾಗಿ ನಿಲ್ಲುತ್ತವೆ. ಅದೇ ಫೋನಿನ ಮೆಸೇಜಿನಲ್ಲಿ ಇದೇ ಹೆಸರು ಸರಿಯಾಗಿ ಕಾಣುತ್ತದೆ. ಎರಡರ ಸ್ಕ್ರೀನ್‌ಶಾಟನ್ನೂ ಜೊತೆಗಿಟ್ಟಿದ್ದೇನೆ. ಅಕ್ಷರಗಳನ್ನು ಜೋಡಿಸುವ ವ್ಯವಸ್ಥೆಯಲ್ಲಿ ಲೋಪವಿರಬಹುದೆಂದು ನನ್ನ ಊಹೆ. ಪರೀಕ್ಷೆಗೆ ಇನ್ನಷ್ಟು ಪದಗಳು ಬೇಕಾದರೆ ಬರೆದು ಕಳುಹಿಸುತ್ತೇನೆ. ಮಳೆಗಾಲದ ಕಾಡಿನ ಭಾಗವು ನನಗೂ ನನ್ನ ತಂಗಿಗೂ ಬಹಳ ಹಿಡಿಸಿತು.’

ಇಂತಹ ಬರಹವು ತಲುಪಿದ ನಿರ್ಮಾತೃವಿಗೆ ಮಾರ್ಗವೂ ಸಿದ್ಧವಾಗಿದೆ. ಆಂಡ್ರಾಯ್ಡಿನಲ್ಲಿಯೂ ಕ್ರೋಮಿನಲ್ಲಿಯೂ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿರುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಬಹುದು. ಗೊಡೋ ಎಂಬ ಗೇಮ್ ಎಂಜಿನ್ನು 2023ರ ಮಾರ್ಚಿನಲ್ಲಿ ಬಂದ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಅದನ್ನು ಅಳವಡಿಸಿಕೊಂಡಿತು. ಕನ್ನಡಕ್ಕಾಗಿ ಒಮ್ಮೆ ಅದನ್ನು ಸೇರಿಸಿದ ಗೇಮಿನಲ್ಲಿ, ತಕ್ಕ ಫಾಂಟನ್ನು ಒದಗಿಸಿದರೆ, ತೆಲುಗು, ಮಲಯಾಳ, ಬಂಗಾಳಿ, ಸಿಂಹಳ ಬರೆಯುವವರ ಹೆಸರುಗಳೂ ನೆಟ್ಟಗೆ ಕಾಣಿಸಿಕೊಳ್ಳುತ್ತವೆ.